ಎರಡು ಮಹಾಪ್ರಬಂಧಗಳು: ಡಾ. ಅಂಬೇಡ್ಕರರ ಅರ್ಥಶಾಸ್ತ್ರ ವ್ಯಾಸಂಗದ ವಿಮರ್ಶೆ

೧

ವಿಶ್ವವಿದ್ಯಾನಿಲಯದ ಅತ್ಯುನ್ನತ ಪದವಿಗಾಗಿ ಬರೆಯುವ ಮಹಾಪ್ರಬಂಧವು ಗ್ರಂಥಜಾತಿಗಳಲ್ಲೆಲ್ಲ ವಿಚಿತ್ರವಾದುದು. ಅದನ್ನು ಬರೆಯುವವನು ಶಿಷ್ಯ. ಮೊದಲು ಓದುವವರು ಗುರುಗಳು, ಅದೂ ಪರೀಕ್ಷಕರ ಪೀಠದಲ್ಲಿ ಕುಳಿತವರು. ಅವರು ಅರಿಯದ ಹೊಸ ವಿಷಯವನ್ನು ಅವನು ಹೇಳಬೇಕು. ಹೇಳಿದುದು ಅವರಿಗೆ ಸಮ್ಮತವೂ ಆಗಬೇಕು. ಹೊಸದಿಲ್ಲದಿದ್ದರೆ ಪದವಿಯಿಲ್ಲ, ಹೊಸದು ಮಿತಿಮೀರಿತೆಂದು ತೋರಿದರೂ ಪದವಿ ಸಂದೇಹಾಸ್ಪದ. ಈ ಇಕ್ಕಟ್ಟಿನಲ್ಲಿ ಸಿಕ್ಕಿದ ಬಹುಮಂದಿ ವಿಷಯಸಂಗ್ರಹವನ್ನು ಪುಷ್ಕಳವಾಗಿ ಮಾಡಿ, ನಿರ್ಣಯವನ್ನು ಮೆಲುದನಿಯಲ್ಲಿ ಹೇಳಿ, ಕ್ಷೇಮವಾಗಿ ದಡ ಸೇರುತ್ತಾರೆ. ಅಂತಹ ಪ್ರಬಂಧಗಳ ಆಯುಸ್ಸು ಪದವಿ ದೊರೆತ ದಿನಕ್ಕೆ ಮುಗಿಯುವುದು.

ಹಾಗೆ ಮುಗಿಯದೆ ಉಳಿದ ಮಹಾಪ್ರಬಂಧಗಳು ಅರ್ಥಶಾಸ್ತ್ರದಲ್ಲಿ ವಿರಳ. ಡಾ. ಭೀಮರಾವ್ ರಾಮಜಿ ಅಂಬೇಡ್ಕರರ ಎರಡು ಗ್ರಂಥಗಳು ಆ ವಿರಳ ಪಂಕ್ತಿಗೆ ಸೇರತಕ್ಕವು. ಒಂದು, ಲಂಡನ್ ವಿಶ್ವವಿದ್ಯಾನಿಲಯದ ಡಿ. ಎಸ್‌ಸಿ. ಪದವಿಗಾಗಿ ಬರೆದು ೧೯೨೩ ರಲ್ಲಿ ಪ್ರಕಟವಾದ ‘ರೂಪಾಯಿಯ ಸಮಸ್ಯೆ’. ಮತ್ತೊಂದು, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಪಿಎಚ್.ಡಿ. ಪದವಿಗೆ ಸಂಬಂಧಿಸಿ ೧೯೨೫ ರಲ್ಲಿ ಪ್ರಕಟವಾದ ‘ಬ್ರಿಟಿಷ್ ಇಂಡಿಯಾದಲ್ಲಿ ಪ್ರಾಂತೀಯ ಹಣಕಾಸಿನ ವಿಕಾಸ’. ಎರಡನ್ನೂ ಅಚ್ಚುಮಾಡಿದವರು ಲಂಡನ್ನಿನ ಪಿ. ಎಸ್. ಕಿಂಗ್ ಮತ್ತು ಮಗ ಎಂಬ ಪ್ರಕಾಶಕರು.

ಈ ಗ್ರಂಥಗಳು ಉಳಿದಿರುವುದು ತಮ್ಮ ಗುಣದಿಂದಲೋ, ಗ್ರಂಥಕರ್ತರಿಗೆ ಮುಂದೆ ಬಂದ ಕೀರ್ತಿಯಿಂದಲೋ ಎಂಬ ಪ್ರಶ್ನೆಯನ್ನು ಕೇಳದೆ ವಿಮರ್ಶೆಯು ಮುಂದುವರಿಯಲಾರದು. ಅಂಬೇಡ್ಕರರನ್ನು ರಾಜ್ಯಾಂಗದ ಶಿಲ್ಪಿಯೆಂದೂ ಅಸ್ಪೃಶ್ಯತಾನಿವಾರಣೆಯ ನಾಯಕರೆಂದೂ ಅರಿತವರು ಅಸಂಖ್ಯಾತರು. ಅವರ ಅರ್ಥಶಾಸ್ತ್ರಗ್ರಂಥಗಳ ಹೆಸರನ್ನು ಹೇಳುವವರು ಅದಕ್ಕಿಂತ ಕಡಮೆ. ಪುಟ ತೆರೆದು ಓದಿದವರು ಇನ್ನೂ ಕಡಮೆ. ಓದದೆ ಹೊಗಳುವುದೂ ಓದದೆ ಬದಿಗಿಡುವುದೂ ಗ್ರಂಥಕ್ಕೆ ಒಂದೇ ಬಗೆಯ ಅನ್ಯಾಯ. ಮಹಾಪುರುಷನ ಪುಸ್ತಕವೆಂಬ ಗೌರವವನ್ನು ಸ್ವಲ್ಪಹೊತ್ತು ದೂರವಿಟ್ಟು, ಒಬ್ಬ ವಿದ್ಯಾರ್ಥಿಯ ಪ್ರಬಂಧವೆಂದು ಇವನ್ನು ಪರೀಕ್ಷಿಸುವುದೇ ಇವಕ್ಕೆ ಸಲ್ಲಿಸತಕ್ಕ ನಿಜವಾದ ಗೌರವ.

೨

ವ್ಯಾಸಂಗದ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಏಕೆಂದರೆ ಗ್ರಂಥಗಳ ರೂಪಕ್ಕೆ ಅದೇ ಕಾರಣ. ಮುಂಬಯಿಯ ಎಲ್‌ಫಿನ್‌ಸ್ಟನ್ ಕಾಲೇಜಿನಿಂದ ೧೯೧೨ ರಲ್ಲಿ ಬಿ. ಎ. ಪದವಿಯನ್ನು ಪಡೆದ ಅಂಬೇಡ್ಕರರು, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ೧೯೧೩ ರಲ್ಲಿ ಕೊಲಂಬಿಯಕ್ಕೆ ಹೋದರು. ಅಲ್ಲಿ ರಾಜಸ್ವಶಾಸ್ತ್ರದಲ್ಲಿ ಪ್ರಖ್ಯಾತರಾದ ಎಡ್ವಿನ್ ಸೆಲಿಗ್‌ಮನ್ನರ ಶಿಷ್ಯತ್ವ ದೊರೆಯಿತು. ೧೯೧೫ ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತ ಮತ್ತು ಹಣಕಾಸನ್ನು ಕುರಿತ ಪ್ರಬಂಧದಿಂದ ಎಂ. ಎ. ಪದವಿ ಬಂದಿತು. ೧೯೧೬ ರಲ್ಲಿ ಅವರು ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯವನ್ನು ಸೇರಿದರು. ಆದರೆ ವಿದ್ಯಾರ್ಥಿವೇತನದ ಅವಧಿ ತೀರಿದ್ದರಿಂದ ೧೯೧೭ ರಲ್ಲಿ, ಕೆಲಸವನ್ನು ಅರ್ಧಕ್ಕೆ ಬಿಟ್ಟು, ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ೧೯೧೮ ರಿಂದ ಅಧ್ಯಾಪಕರಾಗಿ ದುಡಿದು ಉಳಿಸಿದ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಒಬ್ಬ ಮಿತ್ರರಿಂದ ಪಡೆದ ಸಾಲವೂ ಕೂಡಿದುದರಿಂದ, ೧೯೨೦ ರಲ್ಲಿ ಮರಳಿ ಲಂಡನ್ನಿಗೆ ಹೋಗುವುದು ಸಾಧ್ಯವಾಯಿತು. ೧೯೨೧ ರಲ್ಲಿ ಎಂ. ಎಸ್‌ಸಿ., ೧೯೨೩ ರಲ್ಲಿ ಡಿ. ಎಸ್‌ಸಿ. ಪದವಿಗಳು ಬಂದುವು.

ವಿದ್ಯೆಗೆ ಹಣವೇ ಅಡ್ಡಿಯಾದ ಈ ವೃತ್ತಾಂತದಲ್ಲಿ ಕರುಣರಸಕ್ಕೆ ಎಡೆಯಿದೆ. ಗ್ರಂಥಗಳಲ್ಲಿ ಅದಕ್ಕೆ ಎಡೆಯಿಲ್ಲ. ಬರೆದವನ ಜಾತಿಯನ್ನಾಗಲಿ ಬಡತನವನ್ನಾಗಲಿ ವಾದದಲ್ಲೆಲ್ಲಿಯೂ ಅವರು ಸಾಕ್ಷಿಗೆ ಕರೆದಿಲ್ಲ. ಅರ್ಪಣಪತ್ರಗಳಲ್ಲಿ ಮಾತ್ರ ಒಂದಿಷ್ಟು ಸೂಚನೆಯುಂಟು: ಪ್ರಾಂತೀಯ ಹಣಕಾಸಿನ ಗ್ರಂಥವು ಬರೋಡದ ಮಹಾರಾಜರಿಗೆ ಅರ್ಪಿತವಾಗಿದೆ, ರೂಪಾಯಿಯ ಗ್ರಂಥವು ತಮ್ಮ ವಿದ್ಯಾಭ್ಯಾಸಕ್ಕಾಗಿ ತ್ಯಾಗಮಾಡಿದ ತಂದೆತಾಯಿಗಳ ನೆನಪಿಗೆ.

೩

ಪ್ರಾಂತೀಯ ಹಣಕಾಸಿನ ಗ್ರಂಥದ ಪಾಠವನ್ನು ಕುರಿತು ಸಂಶೋಧಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ೧೯೧೬ ರಲ್ಲಿ ಕೊಲಂಬಿಯದಲ್ಲಿ ಸಿದ್ಧವಾದ ಪ್ರಬಂಧದ ಹೆಸರು ‘ಇಂಡಿಯಾದ ರಾಷ್ಟ್ರೀಯ ಲಾಭಾಂಶ’ ಎಂಬರ್ಥದ್ದು. ೧೯೨೫ ರ ಮುದ್ರಿತ ಗ್ರಂಥವೂ ಆ ಪ್ರಬಂಧವೂ ಒಂದೇ ಎಂದು ಹೇಳುವುದು ರೂಢಿಯಲ್ಲಿದೆ. ಆದರೆ ಮುದ್ರಿತ ಗ್ರಂಥದ ಕೊನೆಯ ಭಾಗವು ೧೯೧೯ ರ ಇಂಡಿಯಾ ಸರ್ಕಾರದ ಶಾಸನದಿಂದಾದ ಮಾರ್ಪಾಟುಗಳನ್ನು ವಿಚಾರಮಾಡುತ್ತದೆ. ಇಷ್ಟು ಭಾಗವಾದರೂ ೧೯೧೬ ರ ಪ್ರತಿಯಲ್ಲಿ ಇದ್ದಿರಲಾರದೆಂಬುದು ಸ್ವತಸ್ಸಿದ್ಧ. ಇವೆರಡರ ನಡುವೆ, ಸಾಮ್ರಾಜ್ಯದ ಹಣಕಾಸನ್ನು ಪ್ರಾಂತಗಳಿಗೆ ಹಂಚಿದುದನ್ನು ಕುರಿತ ೧೯೨೧ ರ ಲಂಡನ್ ಪ್ರಬಂಧವೂ ನಿಂತಿದೆ. ಆದಕಾರಣ ಕೈಯಲ್ಲಿರುವ ಪುಸ್ತಕವು ಒಂದೇ ಸಲಕ್ಕೆ ಬರೆದು ಮುಗಿಸಿದುದಲ್ಲ; ಎರಡು ಖಂಡಗಳಲ್ಲಿ, ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ, ಪದರ ಪದರವಾಗಿ ಬೆಳೆದುದು. ಪ್ರಬಂಧವನ್ನು ಮುದ್ರಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿಯನ್ನು ಕೊಡುವುದು ಆಗ ಕೊಲಂಬಿಯದ ನಿಯಮವಾಗಿದ್ದಿತು. ೧೯೧೬ ರಲ್ಲಿ ಮುಗಿದ ವ್ಯಾಸಂಗಕ್ಕೆ ೧೯೨೭ ರಲ್ಲಿ ಪದವಿ ಬಂದುದರ ರಹಸ್ಯ ಇದೇ.

ಗ್ರಂಥದ ವಿಷಯವು ಮೇಲ್ನೋಟಕ್ಕೆ ನೀರಸ. ೧೮೩೩ ರ ಸನ್ನದು ಶಾಸನವು ದೇಶದ ಹಣಕಾಸಿನ ಅಧಿಕಾರವನ್ನೆಲ್ಲ ಗವರ್ನರ್ ಜನರಲ್ಲರ ಕೈಯಲ್ಲಿ ಕೇಂದ್ರೀಕರಿಸಿತು. ತೆರಿಗೆಯನ್ನು ಎತ್ತುವವರು ಪ್ರಾಂತಾಧಿಕಾರಿಗಳೇ, ವೆಚ್ಚಮಾಡುವವರೂ ಅವರೇ. ಆದರೆ ಆದಾಯವೆಷ್ಟು, ವೆಚ್ಚಕ್ಕೆ ಸಾಲುವುದೇ ಎಂಬ ಚಿಂತೆ ಅವರದಲ್ಲ. ಉಳಿಸಿದ ಪ್ರಾಂತಕ್ಕೆ ಫಲವಿಲ್ಲ, ದುಂದುಮಾಡಿದ ಪ್ರಾಂತಕ್ಕೆ ನಷ್ಟವಿಲ್ಲ. ಈ ಅವ್ಯವಸ್ಥೆಯನ್ನು ನೇರ್ಪಡಿಸಲು ಲಾರ್ಡ್ ಮೇಯೋ ೧೮೭೧ ರಿಂದ ಪೋಲೀಸು, ಕಾರಾಗೃಹ, ವಿದ್ಯಾಭ್ಯಾಸ, ವೈದ್ಯ ಮೊದಲಾದ ಇಲಾಖೆಗಳನ್ನು ಗೊತ್ತಾದ ಮೊಬಲಗಿನೊಡನೆ ಪ್ರಾಂತಗಳಿಗೆ ಒಪ್ಪಿಸಿದರು. ೧೮೭೭ ರಿಂದ ಕೆಲವು ಆದಾಯದ ಬಾಬುಗಳನ್ನೇ ವಹಿಸಿಕೊಡಲಾಯಿತು. ೧೮೮೨ ರಿಂದ ಭೂಕಂದಾಯವೇ ಮೊದಲಾದ ದೊಡ್ಡ ಆದಾಯಗಳನ್ನು ಕೇಂದ್ರವೂ ಪ್ರಾಂತವೂ ಹಂಚಿಕೊಳ್ಳುವ ಪದ್ಧತಿ ಬಂದಿತು. ಈ ಮೂರು ಘಟ್ಟಗಳನ್ನು ಅನುದಾನದ ಆಯವ್ಯಯ, ವಹಿಸಿಕೊಟ್ಟ ಆದಾಯದ ಆಯವ್ಯಯ, ಹಂಚಿಕೆಯ ಆಯವ್ಯಯ ಎಂದು ಗ್ರಂಥಕರ್ತರು ವಿಂಗಡಿಸಿದ್ದಾರೆ.

ಇಷ್ಟರಿಂದ ಇದು ಕಡತಗಳ ಸಾರಸಂಗ್ರಹವೆಂದು ತಿಳಿದರೆ ತಪ್ಪಾಗುವುದು. ಗ್ರಂಥದ ಜೀವವಿರುವುದು ಮೂರನೆಯ ಭಾಗದ ಒಂದು ಪ್ರಶ್ನೆಯಲ್ಲಿ: ‘ಪ್ರಾಂತೀಯ ಹಣಕಾಸು’ ಎಂದು ಇಷ್ಟು ಕಾಲ ಕರೆದುದು ನಿಜವಾಗಿ ಪ್ರಾಂತಗಳದೇ? ಅಲ್ಲವೆಂಬುದು ಅವರ ಸಿದ್ಧಾಂತ. ಪ್ರಾಂತಕ್ಕೆ ತನ್ನದೇ ಆದ ತೆರಿಗೆಯ ಹಕ್ಕಿಲ್ಲ. ಕೇಂದ್ರದ ಅನುಮತಿಯಿಲ್ಲದೆ ಹೊಸ ಹುದ್ದೆಗಳನ್ನು ಸೃಷ್ಟಿಸುವುದಕ್ಕೂ ಮಿತಿಯುಂಟು. ಅದಕ್ಕೆ ಕೊಟ್ಟುದು ಶಾಸನಬದ್ಧ ಹಕ್ಕಲ್ಲ, ಮೇಲಿನವರ ಏರ್ಪಾಟು ಮಾತ್ರ. ಮನೆಯ ಯಜಮಾನನು ಮಕ್ಕಳಿಗೆ ಬೇರೆ ಬೇರೆ ಚೀಲಗಳಲ್ಲಿ ಖರ್ಚಿಗೆ ಹಣ ಕೊಟ್ಟ ಮಾತ್ರಕ್ಕೆ ಆಸ್ತಿ ವಿಭಾಗವಾದಂತಲ್ಲ. ಹೆಸರನ್ನು ನಂಬಿ ವಸ್ತುವನ್ನು ಕಾಣದೆ ಹೋದ ಅಧಿಕಾರಿಗಳ ಮತ್ತು ಪಂಡಿತರ ಭ್ರಮೆಯನ್ನು ಪ್ರಬಂಧವು ಒಂದೊಂದೇ ನಿಯಮವನ್ನು ಎತ್ತಿ ತೋರಿಸಿ ಒಡೆಯುತ್ತದೆ. ಶಬ್ದಕ್ಕೂ ಅರ್ಥಕ್ಕೂ ಇರುವ ಅಂತರವನ್ನು ಹಿಡಿಯುವ ಈ ಕೆಲಸವು ಸಾಹಿತ್ಯದ ಅಧ್ಯಾಪಕರಿಗೂ ಅಪರಿಚಿತವಲ್ಲ.

ಈ ವಿಚಾರವು ಕನ್ನಡನಾಡಿಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿಯೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಪ್ರಾಂತದಲ್ಲಿಯೂ ಇದ್ದುವು. ಆ ಜಿಲ್ಲೆಗಳ ಶಾಲೆಗೆ, ಆಸ್ಪತ್ರೆಗೆ ಎಷ್ಟು ಹಣ ದೊರೆಯಬೇಕೆಂಬುದು ಈ ಗ್ರಂಥವು ವಿವರಿಸುವ ಏರ್ಪಾಟುಗಳಲ್ಲಿಯೇ ನಿರ್ಣಯವಾಗುತ್ತಿದ್ದಿತು. ಮುಂದೆ ೧೯೫೦ ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ೨೮೦ ನೆಯ ವಿಧಿಯು, ಕೇಂದ್ರವೂ ರಾಜ್ಯಗಳೂ ಆದಾಯವನ್ನು ಹಂಚಿಕೊಳ್ಳುವ ರೀತಿಯನ್ನು ಸೂಚಿಸುವುದಕ್ಕಾಗಿ ಹಣಕಾಸು ಆಯೋಗವನ್ನು ವಿಧಿಸಿತು. ಆ ರಾಜ್ಯಾಂಗದ ಕರಡುಸಮಿತಿಯ ಅಧ್ಯಕ್ಷರು ಈ ಪ್ರಬಂಧದ ಕರ್ತೃವೇ. ಪ್ರಬಂಧದಿಂದಲೇ ವಿಧಿ ಹುಟ್ಟಿತೆನ್ನುವುದು ಆತುರದ ಮಾತಾದೀತು. ಮೇಲಿನವರ ಕೃಪೆಗೂ ಶಾಸನದ ಹಕ್ಕಿಗೂ ಇರುವ ಭೇದವನ್ನು ಇಪ್ಪತ್ತೈದು ವರ್ಷ ಮೊದಲೇ ಅವರು ಕಂಡಿದ್ದರೆನ್ನುವುದು ನಿರ್ವಿವಾದ.

೪

‘ರೂಪಾಯಿಯ ಸಮಸ್ಯೆ’ಯು ಇದಕ್ಕಿಂತ ತೀಕ್ಷ್ಣವಾದ ಗ್ರಂಥ. ೧೮೩೫ ರಲ್ಲಿ ಕಂಪೆನಿ ಸರ್ಕಾರವು ೧೮೦ ಗ್ರೇನ್ ತೂಕದ, ೧೬೫ ಗ್ರೇನ್ ಶುದ್ಧ ಬೆಳ್ಳಿಯುಳ್ಳ ರೂಪಾಯಿಯನ್ನು ದೇಶಕ್ಕೆಲ್ಲ ಒಂದೇ ನಾಣ್ಯವನ್ನಾಗಿ ಮಾಡಿತು. ೧೮೭೩ ರ ಸುಮಾರಿನಲ್ಲಿ ಜರ್ಮನಿ ಮೊದಲಾದ ದೇಶಗಳು ಚಿನ್ನವನ್ನು ಹಿಡಿದು ಬೆಳ್ಳಿಯನ್ನು ಬಿಟ್ಟುದರಿಂದ ಬೆಳ್ಳಿಯ ಬೆಲೆ ಇಳಿಯತೊಡಗಿತು. ಸುಮಾರು ಎರಡು ಷಿಲ್ಲಿಂಗಿಗೆ ಸಮನಾಗಿದ್ದ ರೂಪಾಯಿಯು ಇಪ್ಪತ್ತು ವರ್ಷಗಳಲ್ಲಿ ಒಂದು ಷಿಲ್ಲಿಂಗು ಮೂರು ಪೆನ್ಸಿನ ಆಸುಪಾಸಿಗೆ ಬಂದಿತು. ಲಂಡನ್ನಿನಲ್ಲಿ ಇಂಡಿಯಾ ಸರ್ಕಾರವು ವರ್ಷವರ್ಷವೂ ತೆರಬೇಕಾದ ಹಣ ಪೌಂಡುಗಳಲ್ಲಿ ಗೊತ್ತಾಗಿದ್ದಿತು. ಹತ್ತು ರೂಪಾಯಿಗೆ ದೊರೆಯುತ್ತಿದ್ದ ಒಂದು ಪೌಂಡಿಗೆ ಹದಿನಾರು ರೂಪಾಯಿ ತೆರಬೇಕಾಗಿ ಬಂದರೆ, ಆ ಹೆಚ್ಚಿನ ಆರು ರೂಪಾಯಿ ಈ ದೇಶದ ತೆರಿಗೆಯಿಂದಲೇ ಬರಬೇಕು. ೧೮೯೩ ರಲ್ಲಿ ಹರ್ಷೆಲ್ ಸಮಿತಿಯ ಸಲಹೆಯ ಮೇರೆಗೆ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಯನ್ನು ನಾಣ್ಯಮಾಡಿಕೊಡುವುದು ನಿಂತಿತು. ಫೌಲರ್ ಸಮಿತಿಯ ಸಲಹೆಯಂತೆ ರೂಪಾಯಿಗೆ ಒಂದು ಷಿಲ್ಲಿಂಗು ನಾಲ್ಕು ಪೆನ್ಸಿನ ದರವಾಯಿತು. ಒಂದು ಸಾವರಿನ್ನಿಗೆ ಹದಿನೈದು ರೂಪಾಯಿ. ಆ ಸಮಿತಿ ಬಯಸಿದ್ದು ಚಿನ್ನದ ಪ್ರಮಾಣವನ್ನು. ಆದುದು ‘ಸುವರ್ಣವಿನಿಮಯ ಪ್ರಮಾಣ’. ಅಂದರೆ, ಒಳಗೆ ಬೆಳ್ಳಿಯ ರೂಪಾಯಿ ಮತ್ತು ಕಾಗದದ ನೋಟು. ಹೊರಗಿನ ಪಾವತಿಗೆ ಮಾತ್ರ ಗೊತ್ತಾದ ದರದಲ್ಲಿ ಸರ್ಕಾರವು ಲಂಡನ್ನಿನಲ್ಲಿಯೂ ಇಂಡಿಯದಲ್ಲಿಯೂ ಹುಂಡಿಗಳನ್ನು ಮಾರಿ ವಿನಿಮಯವನ್ನು ಹಿಡಿದು ನಿಲ್ಲಿಸುವುದು.

ಈ ಪದ್ಧತಿಯನ್ನು ೧೯೧೩ ರ ತಮ್ಮ ಗ್ರಂಥದಲ್ಲಿ ಸಮರ್ಥಿಸಿದವರು ಜಾನ್ ಮೇನಾರ್ಡ್ ಕೇನ್ಸರು. ಚಿನ್ನವನ್ನು ಜೇಬಿನಲ್ಲಿ ಹೊತ್ತು ತಿರುಗುವುದು ದುಂದು. ಚಿನ್ನವನ್ನು ಮೀಸಲಿನಲ್ಲಿಟ್ಟು ಅಗ್ಗದ ನಾಣ್ಯವನ್ನು ಚಲಾವಣೆಗೆ ಬಿಡುವುದು ವಿವೇಕ. ವ್ಯಾಪಾರದ ಅಗತ್ಯಕ್ಕೆ ತಕ್ಕಂತೆ ಹಣವನ್ನು ಹೆಚ್ಚಿಸಲೂ ಇದರಿಂದ ಅನುಕೂಲ ಎಂಬುದು ಅವರ ವಾದದ ತಾತ್ಪರ್ಯ. ಮೂವತ್ತು ವರ್ಷ ದಾಟಿದ ಒಬ್ಬ ಭಾರತೀಯ ವಿದ್ಯಾರ್ಥಿಯು, ಆ ಕೇನ್ಸರ ದೇಶದಲ್ಲಿಯೇ, ಪದವಿಗಾಗಿ ಬರೆದ ಪ್ರಬಂಧದಲ್ಲಿ ಈ ವಾದವನ್ನು ಪೂರ್ವಪಕ್ಷವಾಗಿ ನಿಲ್ಲಿಸಿ ಖಂಡಿಸಿದುದು ಸಣ್ಣ ಸಂಗತಿಯಲ್ಲ.

ಖಂಡನೆಯ ಕ್ರಮ ಹೀಗಿದೆ. ವಿನಿಮಯದರವು ಸ್ಥಿರವಾಗಿದ್ದರೆ ನಾಣ್ಯವು ಸ್ಥಿರವೆಂದು ಹೇಳುವುದು ಕಾರ್ಯವನ್ನು ಕಾರಣವೆಂದು ಭ್ರಮಿಸಿದಂತೆ. ಜನರು ರೂಪಾಯಿಯಿಂದ ಕೊಳ್ಳುವುದು ಪೌಂಡನ್ನಲ್ಲ, ಧಾನ್ಯವನ್ನು, ಬಟ್ಟೆಯನ್ನು. ಕೊಳ್ಳುವ ಶಕ್ತಿಯೇ ರೂಪಾಯಿಯ ನಿಜವಾದ ಮೌಲ್ಯ. ವಿನಿಮಯವು ಅದನ್ನು ಹಿಂಬಾಲಿಸತಕ್ಕದ್ದು. ಸುವರ್ಣವಿನಿಮಯ ಪ್ರಮಾಣದಲ್ಲಿ ಹೊಸ ರೂಪಾಯಿಗಳನ್ನು ಬಿಡುವುದು ಅಧಿಕಾರಿಗಳ ಇಚ್ಛೆಗೆ ಸೇರಿದ್ದು. ಅಗ್ಗದ ಬೆಳ್ಳಿಯಿಂದ ನಾಣ್ಯಮಾಡಿದರೆ ಸರ್ಕಾರಕ್ಕೆ ಲಾಭವೂ ಉಂಟು. ಹೀಗೆ ಹೆಚ್ಚಿಸುವುದು ಸುಲಭ, ಕಡಮೆಮಾಡುವುದು ಕಷ್ಟ. ಯಾವುದನ್ನು ಎಲ್ಲರೂ ಗುಣವೆಂದು ಹೊಗಳುತ್ತಿದ್ದರೋ ಆ ಹಿಗ್ಗುವ ಶಕ್ತಿಯೇ ದೋಷವೆಂದು ಇಲ್ಲಿ ಸಾಧಿಸಲಾಗಿದೆ. ಟಂಕಸಾಲೆಯನ್ನು ಸರ್ಕಾರದ ಪಾಲಿಗೂ ಮುಚ್ಚಿ, ರೂಪಾಯಿಗಳ ಸಂಖ್ಯೆಯನ್ನು ಕಟ್ಟಿಹಾಕಿ, ಚಿನ್ನದ ನಾಣ್ಯಕ್ಕೆ ದಾರಿ ಬಿಡಬೇಕೆಂಬುದು ಅವರ ಪರಿಹಾರ.

ಗ್ರಂಥದಲ್ಲಿ ಅತ್ಯಂತ ಸತ್ತ್ವಯುತವಾದ ಭಾಗ ಇನ್ನೊಂದಿದೆ. ಬೆಳ್ಳಿ ಅಗ್ಗವಾಗಿ ರೂಪಾಯಿ ಇಳಿದರೆ ರಫ್ತು ಹೆಚ್ಚುವುದು, ಗಿರಣಿಗಳು ಬೆಳೆಯುವುವು, ದೇಶಕ್ಕೆ ಲಾಭ ಎಂದು ವಾದಿಸುವವರು ಆಗ ಬಹುಮಂದಿ ಇದ್ದರು. ಲಾಭವುಂಟೆಂಬುದನ್ನು ಅಂಬೇಡ್ಕರರು ನಿರಾಕರಿಸುವುದಿಲ್ಲ; ಅದು ಎಲ್ಲಿಂದ ಬಂದಿತೆಂದು ಕೇಳುತ್ತಾರೆ. ಬೆಲೆಗಳು ಏರುವಷ್ಟು ಬೇಗ ಕೂಲಿ ಏರುವುದಿಲ್ಲ. ಆ ಎರಡರ ಅಂತರವೇ ವ್ಯಾಪಾರಿಯ ಲಾಭ. ಆದುದರಿಂದ ಅದು ಹೊರದೇಶದಿಂದ ಗೆದ್ದು ತಂದ ಸಂಪತ್ತಲ್ಲ, ಈ ದೇಶದ ಕೂಲಿಕಾರನ ಊಟದಿಂದ ತೆಗೆದುದು. ದೇಶದ ಲಾಭವೆಂಬ ಒಂದೇ ಮಾತಿನ ಒಳಗೆ ಕೊಟ್ಟವರೂ ಕಿತ್ತುಕೊಂಡವರೂ ಬೇರೆ ಬೇರೆಯಾಗಿ ಕಾಣಿಸುತ್ತಾರೆ. ವಾದಕ್ಕೆ ಇಲ್ಲಿ ಕರುಣೆಯ ಬಣ್ಣವಿಲ್ಲ; ಬೆಲೆ ಕೂಲಿಗಳ ಲೆಕ್ಕ ಮಾತ್ರವಿದೆ. ಆದರೂ ಮುಂದೆ ಅವರು ಕೈಕೊಂಡ ಕಾರ್ಯಗಳ ಬೇರು ಇಲ್ಲಿಯೇ ಇರುವುದೆಂದು ವಾಚಕನಿಗೆ ತೋರದಿರದು.

೫

ಪ್ರಬಂಧವನ್ನು ೧೯೨೨ ರ ಅಕ್ಟೋಬರಿನಲ್ಲಿ ಒಪ್ಪಿಸಿದರು. ಪರೀಕ್ಷಕರು ಅದನ್ನು ಆ ರೂಪದಲ್ಲಿ ಅಂಗೀಕರಿಸದೆ ತಿದ್ದಿ ಬರೆಯಲು ಹೇಳಿದರೆಂದೂ, ನಿರ್ಣಯಗಳನ್ನು ಬದಲಿಸದೆ ಅವರು ಮತ್ತೆ ಬರೆದು ಒಪ್ಪಿಸಿದರೆಂದೂ ಜೀವನಚರಿತ್ರಕಾರರು ಹೇಳುತ್ತಾರೆ. ೧೯೨೩ ರ ಕೊನೆಗೆ ಪದವಿಯೂ ಪುಸ್ತಕವೂ ಒಟ್ಟಿಗೆ ಬಂದುವು. ಮುನ್ನುಡಿಯನ್ನು ಬರೆದವರು ಗುರುಗಳಾದ ಎಡ್ವಿನ್ ಕ್ಯಾನನ್. ಶಿಷ್ಯನ ಅನೇಕ ಟೀಕೆಗಳು ತಮಗೆ ಸಮ್ಮತವಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿ, ಒಪ್ಪದಿರುವ ಕಡೆಯಲ್ಲಿಯೂ ಆ ವಿಚಾರಗಳ ಹೊಸತನವು ಮನಸ್ಸನ್ನು ಕೆರಳಿಸುವುದೆಂದು ಮೆಚ್ಚಿದ್ದಾರೆ. ಕಡೆಯ ನಿರ್ಣಯದಲ್ಲಿ ಗುರುಶಿಷ್ಯರು ಬಹುಮಟ್ಟಿಗೆ ಕೂಡುತ್ತಾರೆ: ಅಜ್ಞಾನಿಯಿಂದಲೂ ವಂಚಕನಿಂದಲೂ ಸುಲಭವಾಗಿ ಕೆಡದ ಪದ್ಧತಿ ಸರಳವಾದ ಚಿನ್ನದ ಪ್ರಮಾಣವೇ ಎಂಬುದು ಕ್ಯಾನನ್ನರ ಮತವೂ ಆಗಿತ್ತು. ಗುರುವು ತನ್ನ ಭಿನ್ನಾಭಿಪ್ರಾಯವನ್ನು ಶಿಷ್ಯನ ಪುಸ್ತಕದ ಮೊದಲ ಪುಟಗಳಲ್ಲಿಯೇ ಬರೆದು, ಆ ಪುಸ್ತಕವನ್ನೇ ಲೋಕಕ್ಕೆ ಒಪ್ಪಿಸಿದ ಈ ನಡವಳಿಕೆಯು ಮಹಾಪ್ರಬಂಧಗಳ ಚರಿತ್ರೆಯಲ್ಲಿ ಸ್ಮರಣೀಯವಾದುದು.

ದೋಷಗಳನ್ನು ಹೇಳದಿದ್ದರೆ ವಿಮರ್ಶೆಯು ಅಪೂರ್ಣವಾಗುವುದು. ಮೊದಲನೆಯದಾಗಿ, ರೋಗನಿದಾನದಷ್ಟು ಔಷಧವು ಬಲವಾಗಿಲ್ಲ. ಚಿನ್ನದ ಮೌಲ್ಯವೂ ಏರಿಳಿಯುವಂತಹುದೇ. ೧೯೩೧ ರ ಸೆಪ್ಟೆಂಬರಿನಲ್ಲಿ ಬ್ರಿಟನ್ನೇ ಚಿನ್ನವನ್ನು ಬಿಟ್ಟು, ರೂಪಾಯಿಯು ಸ್ಟರ್ಲಿಂಗಿಗೆ ಕಟ್ಟುಬಿದ್ದ ಮೇಲೆ, ಪ್ರಬಂಧದ ಪರಿಹಾರವು ಕಾರ್ಯರೂಪಕ್ಕೆ ಬರುವ ಕಾಲವೇ ಕಳೆದುಹೋಯಿತು. ಎರಡನೆಯದಾಗಿ, ನಾಣ್ಯವನ್ನು ವಿಚಾರಿಸಿದಷ್ಟು ಬ್ಯಾಂಕುಗಳನ್ನು ವಿಚಾರಿಸಿಲ್ಲ. ೧೯೪೭ ರಲ್ಲಿ ಗ್ರಂಥವು ಭಾರತೀಯ ನಾಣ್ಯ ಮತ್ತು ಬ್ಯಾಂಕುಗಳ ಇತಿಹಾಸದ ಮೊದಲ ಸಂಪುಟವೆಂಬ ಹೆಸರಿನಿಂದ ಮತ್ತೆ ಅಚ್ಚಾಯಿತು. ಎರಡನೆಯ ಸಂಪುಟವು ಬರಲೇ ಇಲ್ಲ. ಮೂರನೆಯದಾಗಿ, ಪ್ರತಿವಾದಿಯನ್ನು ನ್ಯಾಯಾಲಯದಲ್ಲಿ ಎದುರಿಸುವ ವಕೀಲನ ಧಾಟಿ ಅಲ್ಲಲ್ಲಿ ಕಾಣುವುದು. ಅಧಿಕಾರಿಗಳ ತಪ್ಪನ್ನು ತೋರಿಸುವಾಗ ಅವರ ಕಷ್ಟವನ್ನು ತೂಗಿನೋಡುವ ತಾಳ್ಮೆ ಕಡಮೆಯಾಗುವುದು. ಸೆಲಿಗ್‌ಮನ್ನರು ತಮ್ಮ ಮುನ್ನುಡಿಯಲ್ಲಿ ಮೆಚ್ಚಿದ ನಿಷ್ಪಕ್ಷಪಾತವು ಪ್ರಾಂತೀಯ ಹಣಕಾಸಿನ ಗ್ರಂಥದ ಗುಣ. ರೂಪಾಯಿಯ ಗ್ರಂಥದ ಗುಣವು ಧೈರ್ಯ.

ಅಭಿಮಾನಿಗಳ ಒಂದು ಮಾತನ್ನೂ ಇಲ್ಲಿ ಪರಿಶೀಲಿಸಬೇಕು. ರಿಸರ್ವ್ ಬ್ಯಾಂಕು ಈ ಪ್ರಬಂಧದ ನಕ್ಷೆಯಂತೆ ಕಟ್ಟಲ್ಪಟ್ಟಿತೆಂದು ಹಲವರು ಹೇಳುತ್ತಾರೆ. ೧೯೨೫ ರಲ್ಲಿ ಅಂಬೇಡ್ಕರರು ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ನುಡಿದುದು ನಿಜ. ಆ ಆಯೋಗವು ೧೯೨೬ ರಲ್ಲಿ ಕೇಂದ್ರಬ್ಯಾಂಕನ್ನು ಶಿಫಾರಸುಮಾಡಿದುದೂ, ೧೯೩೫ ರ ಏಪ್ರಿಲ್ ೧ ರಂದು ರಿಸರ್ವ್ ಬ್ಯಾಂಕು ಪ್ರಾರಂಭವಾದುದೂ ನಿಜ. ಆದರೆ ಪ್ರಬಂಧದ ಕೊನೆಯ ಅಧ್ಯಾಯವು ಹೇಳುವುದು ನಾಣ್ಯಪ್ರಮಾಣವನ್ನೂ ರೂಪಾಯಿಯ ಮಿತಿಯನ್ನೂ ಕುರಿತು. ಬ್ಯಾಂಕಿನ ರಚನೆಯನ್ನು ಕುರಿತಲ್ಲ. ಇಲ್ಲದ ಕೀರ್ತಿಯನ್ನು ಹೊರಿಸಿದರೆ ಇರುವ ಕೀರ್ತಿಯ ಮೇಲೆಯೂ ಸಂಶಯ ಹುಟ್ಟುವುದು. ಹಣವನ್ನು ಹುಟ್ಟಿಸುವವರ ಇಚ್ಛೆಗೆ ಕಟ್ಟಳೆ ಬೇಕೆಂದು ಸಾಧಿಸಿದುದೇ ಗ್ರಂಥಕ್ಕೆ ಸಾಕಾದಷ್ಟು ಹಿರಿಮೆ.

೬

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಗ್ರಂಥಕರ್ತರು ಮುಂದೆ ಏನೂ ಆಗದೆ ಸಿಡನ್‌ಹ್ಯಾಮ್ ಕಾಲೇಜಿನ ಅಧ್ಯಾಪಕರಾಗಿಯೇ ಉಳಿದಿದ್ದರೂ, ಭಾರತದ ನಾಣ್ಯದ ಮತ್ತು ರಾಜಸ್ವದ ಚರಿತ್ರೆಯನ್ನು ಬರೆಯುವವರು ಈ ಎರಡು ಗ್ರಂಥಗಳನ್ನು ದಾಟಿ ಹೋಗುವುದು ಸಾಧ್ಯವಿರಲಿಲ್ಲ. ಹೆಸರಿನ ಹಿಂದಿರುವ ವಸ್ತುವನ್ನು ಹುಡುಕುವುದು, ಲಾಭದ ಹಿಂದಿರುವ ನಷ್ಟವನ್ನು ಹುಡುಕುವುದು, ಈ ಎರಡು ಅಭ್ಯಾಸಗಳೇ ಅವುಗಳ ಬಲ. ಪರಿಹಾರಗಳು ಹಳೆಯವಾದುವು, ಪ್ರಶ್ನೆಗಳು ಹಳೆಯವಾಗಲಿಲ್ಲ.

ಮಹಾರಾಷ್ಟ್ರ ಸರ್ಕಾರವು ೧೯೮೯ ರಲ್ಲಿ ಪ್ರಕಟಿಸಿದ ಸಮಗ್ರ ಸಂಪುಟಗಳ ಆರನೆಯದರಲ್ಲಿ ಈ ಗ್ರಂಥಗಳು, ಕಂಪೆನಿಯ ಹಣಕಾಸನ್ನು ಕುರಿತ ಪ್ರಬಂಧದೊಡನೆ, ಒಂದೆಡೆ ದೊರೆಯುತ್ತವೆ. ಮಹಾಪ್ರಬಂಧವನ್ನು ಕೈಗೊಂಡ ವಿದ್ಯಾರ್ಥಿಯು, ಅವನ ವಿಷಯ ಅರ್ಥಶಾಸ್ತ್ರವಾಗಲಿ ಆಡಳಿತಶಾಸ್ತ್ರವಾಗಲಿ ಹಳಗನ್ನಡ ಕಾವ್ಯವಾಗಲಿ, ಇವನ್ನು ಒಮ್ಮೆ ಓದುವುದು ಲೇಸು. ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ನಿಲ್ಲಿಸದೆ ಸಿದ್ಧಾಂತವನ್ನು ಹೇಳಬಾರದೆಂಬುದು ಈ ನಾಡಿನ ಶಾಸ್ತ್ರಕಾರರ ಹಳೆಯ ನಿಯಮ. ಆ ನಿಯಮವು ಲಂಡನ್ನಿನ ಒಂದು ವಿದ್ಯಾಲಯದಲ್ಲಿ, ಸಾಲಮಾಡಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ, ರೂಪಾಯಿಯನ್ನು ಕುರಿತು ನೆರವೇರಿತು. ಅಂತಹ ವಿದ್ಯಾರ್ಥಿಯ ಪ್ರಬಂಧವನ್ನು ಓದುವ ಸರದಿ ಬಂದಾಗ ಕ್ಯಾನನ್ನರಂತೆ ಒಪ್ಪದೆಯೂ ಮೆಚ್ಚಬಲ್ಲ ಪರೀಕ್ಷಕರು ಇರಬೇಕಾದುದು, ಅದಕ್ಕೆ ಸಮನಾದ ಇನ್ನೊಂದು ಅಗತ್ಯ.